ನಡೆದು ಬಂದವರಿಗೆ ಮೊದಲು

ಗುಡ್ಡದ ಬುಡದಲ್ಲಿರುವ ಯಾತ್ರಿಕರ ಹಾಸ್ಟೆಲಿನ ವಾರ್ಡನ್ನಿಗೆ ಯಾತ್ರಿಕರೆಲ್ಲ ಸೇರಿ ಇಟ್ಟ ಹೆಸರು ರೂಲ್ಸಮ್ಮ. ಹಾಸಿಗೆ ಮೊದಲು ನಡೆದು ಬಂದವರಿಗೆ. ಸೈಕಲ್ಲಿನವರು ಸಂಜೆ ಆರರವರೆಗೆ ಹೊರಗೆ ಕಾಯಬೇಕು, ಮಿಕ್ಕಿದರೆ ಅವರಿಗೆ. ಕಾಲು ಸೋತವನು ಮುಂದೆ ಹೋಗಲಾರ, ಸೈಕಲ್ಲಿನವನು ಇನ್ನೊಂದು ಊರು ತುಳಿಯಬಲ್ಲ. ನ್ಯಾಯವಾದ ನಿಯಮವೇ. ಎಂಥವರು ಬಂದು ಗೋಗರೆದರೂ ಅವಳು ಜಗ್ಗಿದವಳಲ್ಲ. ದಿಂಬಿನ ಗವಸುಗಳನ್ನು ತಾನೇ ಒಗೆಯುತ್ತಿದ್ದಳು. ಗೊರಕೆ ಹೊಡೆಯುವವರನ್ನು ಮುಖ ನೋಡಿಯೇ ಪತ್ತೆಹಚ್ಚಿ ಮೂಲೆಯ ಮಂಚಕ್ಕೆ ಅಟ್ಟುತ್ತಿದ್ದಳು.

ಒಂದು ಮಧ್ಯಾಹ್ನ ಸೈಕಲ್ ತಳ್ಳಿಕೊಂಡು ಗೇಟಿನಲ್ಲಿ ಬಂದು ನಿಂತವನು ಅವಳ ತಮ್ಮ. ಅಮ್ಮ ಹಾಸಿಗೆ ಹಿಡಿದಾಗ ಇವಳೊಬ್ಬಳೇ ಹೇಸಿಗೆ ಬಾಚಿದ್ದು. ಅವನು ಬಂದದ್ದು ಎಲ್ಲ ಮುಗಿದ ಮೇಲೆ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಈಗ ಅವನ ತಲೆ ನರೆತಿತ್ತು, ಬಲಮಂಡಿಗೆ ಪಟ್ಟಿ ಬಿಗಿದಿತ್ತು.

"ಅಕ್ಕಾ, ಇವತ್ತು ಜಾಗ ಸಿಗುತ್ತಾ?"

ಅವಳ ನಾಲಿಗೆ ಅಭ್ಯಾಸದ್ದನ್ನೇ ಹೇಳಿತು. "ಸೈಕಲ್ಲಾ? ಆರು ಗಂಟೆವರೆಗೂ ಕಾಯ್ಬೇಕು."

"ಕಾಯ್ತೀನಿ ಬಿಡು."

ಅವನು ಹೊರಗಿನ ಬೆಂಚಿನ ಮೇಲೆ ಕುಳಿತ. ಅವಳು ಒಳಗೆ ಓಡಿ, ತನ್ನ ಕೋಣೆಯಲ್ಲಿ ಮಡಚಿಟ್ಟಿದ್ದ ಮಂಚ ಬಿಡಿಸಿ, ಒಗೆದ ಚಾದರ ಹಾಸಿದಳು. ಕೋಣೆ ಅವಳದು, ಅಲ್ಲಿ ಯಾವ ನಿಯಮವೂ ಇಲ್ಲ. ಒಂದೇ ಒಂದು ಸಲ ತಪ್ಪಾಯ್ತು ಅನ್ನಲಿ, ಕೈಹಿಡಿದು ಕರೆದುಕೊಂಡು ಬರುತ್ತೇನೆ ಎಂದುಕೊಂಡಳು. ಒಂದು ಲೋಟ ಚಹಾ ಕೊಡಲೂ ಹೋಗಲಿಲ್ಲ. ಕೊಟ್ಟರೆ ತಾನೇ ಸೋತಂತೆ! ಹಾಳು ಬಿಗುಮಾನ, ಹೆತ್ತವರು ಇಬ್ಬರಿಗೂ ಸಮನಾಗಿ ಹಂಚಿದ ಆಸ್ತಿ ಅದೊಂದೇ.

ನಡೆದವರು ಬರುತ್ತಲೇ ಇದ್ದರು. ಒಂದೇ ಹಾಸಿಗೆ ಉಳಿದಾಗ, ಆರಕ್ಕೆ ತುಸು ಮುಂಚೆ, ಬೆನ್ನಿಗೆ ಚೀಲ ಏರಿಸಿದವನೊಬ್ಬ ಬಂದ. ಅವನು ಎದುರಿನ ತಿರುವಿನಲ್ಲಿ ಬಸ್ಸಿಳಿದದ್ದನ್ನು ಅಕ್ಕ ತಮ್ಮ ಇಬ್ಬರೂ ಕಂಡಿದ್ದರು. ಅವನ ಶೂ ಮೇಲೆ ಚಿಟಿಕೆ ಧೂಳೂ ಇರಲಿಲ್ಲ.

"ನಡ್ಕೊಂಡು ಬಂದ್ರಾ?" ಎಂದಳು.

"ಹೂಂ, ಬೆಳಿಗ್ಗೆಯಿಂದ," ಎಂದ ಬಸ್ಸಿನವನು.

ತಮ್ಮ ಅವಳ ಮುಖ ನೋಡಿದ. ಈಗಾದರೂ ಬಾಯಿಬಿಡಲಿ, ಜಗಳವನ್ನಾದರೂ ಆಡಲಿ ಎಂದು ಅವಳು ಕಾದಳು. ಅವನು ಬಗ್ಗಿ ಮಂಡಿಯ ಪಟ್ಟಿ ಸರಿಮಾಡಿಕೊಂಡ. ಅವಳು ಹಾಸಿಗೆಯ ಚೀಟಿಯನ್ನು ಬಸ್ಸಿನವನ ಕೈಗಿಟ್ಟಳು.

"ರೂಲ್ಸು ಅಂದ್ರೆ ರೂಲ್ಸು. ಬರ್ತೀನಕ್ಕ," ಎಂದು ತಮ್ಮ ಕುಂಟುತ್ತ ಹೋಗಿ ಸೈಕಲ್ ಹತ್ತಿದ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅವನು ಕಣ್ಮರೆಯಾಗುವವರೆಗೂ ಅವಳು ಗೇಟು ಹಿಡಿದು ನಿಂತೇ ಇದ್ದಳು.

ಹಾಸ್ಟೆಲಿನವರು ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಫೋನು ಮಾಡಿ, ಎಷ್ಟು ಜನ ಹೊರಟರೆಂದು ತಿಳಿಸುವುದು ರೂಢಿ. ಮರುದಿನ ಗುಡ್ಡದ ಮೇಲಿನ ಹಾಸ್ಟೆಲಿನ ಗೆಳತಿ ಹೇಳಿದಳು: "ನಿನ್ನೆ ಕತ್ತಲಾದ್ಮೇಲೆ ಸೈಕಲ್ಲಿನವನೊಬ್ಬ ಬಂದ ಕಣೆ. ನಮ್ಮಲ್ಲೂ ಭರ್ತಿ, ವರಾಂಡದಲ್ಲೇ ಮಲಗಿಸ್ದೆ. ಯಾಕಪ್ಪಾ ಇಷ್ಟು ಲೇಟು ಅಂದ್ರೆ, ಅಕ್ಕನಿಗೆ ತಪ್ಪಾಯ್ತು ಅನ್ನೋಣ ಅಂತ ಹೋಗಿದ್ದೆ, ಮಧ್ಯಾಹ್ನದಿಂದ ಕೂತೆ, ಬಾಯೇ ಬರ್ಲಿಲ್ಲ ಅಂದ. ಒಂದು ಲೋಟ ಚಹಾನೂ ಕೊಡ್ಲಿಲ್ವಂತೆ. ಎಂಥ ಅಕ್ಕನೋ, ಮಹಾತಾಯಿ!"

"ಇರ್ತಾರೆ ಕಣೆ ಅಂಥವರೂ," ಎಂದು ರೂಲ್ಸಮ್ಮ ಫೋನಿಟ್ಟಳು. ಆಮೇಲೆ ಕೋಣೆಗೆ ಹೋಗಿ, ಯಾರೂ ಮಲಗದ ಚಾದರವನ್ನು ಎಳೆದು ತಂದು ಒಗೆಯಲು ಹಾಕಿದಳು.