ದ್ವೀಪದ ಚುನಾವಣೆಗೆ ಮಾವನ ವಡೆಮಾಲೆ

ನಮ್ಮ ಮಾವ ಮಂಡ್ಯ ಜಿಲ್ಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮೇಷ್ಟರಾಗಿದ್ದವರು. ಆದರೆ ಅವರ ಬಾಯಲ್ಲಿ ಪಾಠ ಹೇಳಿದ ಕಥೆ ನಾನು ಕೇಳಿದ್ದೇ ಕಡಿಮೆ. ಕೇಳಿದ್ದೆಲ್ಲ ಎಲೆಕ್ಷನ್ ಡ್ಯೂಟಿಯ ಕಥೆ. ಪಂಚಾಯ್ತಿಯಿಂದ ಲೋಕಸಭೆಯವರೆಗೆ ಯಾವ ಚುನಾವಣೆ ಬಂದರೂ ಇವರೇ ಮತಗಟ್ಟೆ ಅಧಿಕಾರಿ. ಅತ್ತೆ ತೀರಿಕೊಂಡ ಮೇಲೆ ಆಸ್ಟ್ರೇಲಿಯಾದ ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿರುವ ನಮ್ಮ ಮನೆಗೆ ಬಂದರು. ಬಂದ ಹೊಸದರಲ್ಲಿ ಇಲ್ಲೊಂದು ಚುನಾವಣೆ ನಡೆಯಿತು. ನಾವು ಓಟು ಹಾಕುವುದನ್ನು ನೋಡಲು ಶಾಲೆಯ ತನಕ ಬಂದವರು ವಾಪಸ್ ಬರುವಾಗ ಮುಖ ಸಿಂಡರಿಸಿಕೊಂಡಿದ್ದರು.

“ಬೆರಳಿಗೆ ಶಾಯಿ ಇಲ್ಲ, ಏಜೆಂಟರ ಜಗಳ ಇಲ್ಲ. ಓಟ್ ಹಾಕಿ, ಹೊರಗೆ ಸುಟ್ಟು ಮಾರೋ ಸಾಸೇಜ್ ತಿಂದ್ಕೊಂಡು ಮನೆಗೆ ಹೋಗೋದು, ಇದೂ ಒಂದು ಎಲೆಕ್ಷನ್ನೇನಮ್ಮ?”

ಅಂಥವರಿಗೆ ಒಂದು ಇಡೀ ದೇಶದ ಚುನಾವಣೆಯೇ ಮನೆ ಬಾಗಿಲಿಗೆ ಬಂದದ್ದು ನನ್ನಿಂದ. ನಾನು ಥಾರ್ನ್ಲಿ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ನರ್ಸು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ಟುವಾಲು ದೇಶದವಳು. ಪೆಸಿಫಿಕ್ ಸಾಗರದಲ್ಲಿ ಭೂಪಟದ ಮೇಲೆ ಬೆರಳಿಟ್ಟರೆ ಮುಚ್ಚಿಹೋಗುವ ದೇಶ ಅದು. ಆಗ ಅವಳಿಗೆ ಎಂಟು ತಿಂಗಳು. ಗಂಡ ಮೂರು ಗಂಟೆ ದಾರಿಯ ಊರಲ್ಲಿ ಮಾಂಸದ ಫ್ಯಾಕ್ಟರಿಯಲ್ಲಿದ್ದ. ಪಾಳಿ ಮುಗಿದ ಮೇಲೆ ಅವಳನ್ನು ಕಾರಲ್ಲಿ ಕೂರಿಸಿಕೊಂಡು ಬರುತ್ತಿದ್ದೆ, ನಮ್ಮ ಮನೆಯಲ್ಲಿ ಕಾಫಿ ಕುಡಿಸಿ ಅವಳ ಮನೆಗೆ ಬಿಡುತ್ತಿದ್ದೆ. ಒಂದು ದಿನ ಕಾಫಿ ಕುಡಿಯುತ್ತಾ, ಜನವರಿಯಲ್ಲಿ ನಮ್ಮಲ್ಲಿ ಪಾರ್ಲಿಮೆಂಟ್ ಚುನಾವಣೆ, ನಮ್ಮಪ್ಪ ನಿಂತಿದ್ದಾನೆ ಎಂದಳು. ಮಾವ ಲೋಟ ಕೆಳಗಿಟ್ಟರು.

ಅವರಿಬ್ಬರ ಮಾತು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ಮಾವನದು ಮೇಷ್ಟರ ಇಂಗ್ಲಿಷು. ಯಾವ ಪಕ್ಷ ಎಂದರು. ಪಕ್ಷಗಳೇ ಇಲ್ಲ ಎಂದಳು. ಮತ್ತೆ ಸರ್ಕಾರ ಹೇಗೆ? ದ್ವೀಪಕ್ಕೆ ಇಬ್ಬರಂತೆ ಗೆದ್ದವರೆಲ್ಲ ಹಡಗು ಹತ್ತಿ ರಾಜಧಾನಿಗೆ ಬಂದು, ಒಟ್ಟಿಗೆ ಕೂತು ಪ್ರಧಾನಿಯನ್ನು ಆರಿಸುತ್ತಾರೆ. “ರೆಸಾರ್ಟ್ ಇಲ್ವಾ?” ಎಂದು ಮಾವ ನನ್ನನ್ನು ಕನ್ನಡದಲ್ಲಿ ಕೇಳಿದರು. ಅದನ್ನು ನಾನು ಅನುವಾದ ಮಾಡಲಿಲ್ಲ.

ಮರುದಿನವೇ ಒಂದು ನೋಟ್‌ಬುಕ್ ಶುರುವಾಯಿತು. ಅವಳ ದ್ವೀಪದಲ್ಲಿದ್ದ ಮತದಾರರೇ ಕೆಲವು ನೂರು. ಮನೆ ಮನೆಯ ಲೆಕ್ಕ ಬರೆದುಕೊಂಡರು. ನಮ್ಮ ಮನೆ, ಅವರ ಮನೆ, ಅನುಮಾನದ ಮನೆ. “ಅಂಕಲ್, ಎಲ್ಲ ಮನೆಯವರೂ ನಮ್ಮ ನೆಂಟರೇ” ಎಂದು ಅವಳು ನಕ್ಕರೆ, “ಹಾಗಾದ್ರೆ ಎಲ್ಲಾ ಅನುಮಾನದ ಮನೆನೇ” ಎಂದರು. ಅವಳ ಅಪ್ಪನ ಫೋಟೋ ನೋಡಿ, ಮುಖದಲ್ಲಿ ಕಳೆ ಇದೆ, ಗೆಲ್ತಾನೆ ಎಂದರು. ನಾನು ರೇಗಿಸಿದೆ. “ಮಾವ, ಡಿಪಾಸಿಟ್ ಹೋದ್ರೆ ನಿಮ್ಮನ್ನೇ ಕೇಳ್ತೀನಿ.” ಅವರಿಗೆ ರೋಷ ಬಂತು. ಆ ಶನಿವಾರವೇ ದೇವಸ್ಥಾನದಲ್ಲಿ ಹನುಮಂತನ ಮುಂದೆ ನಿಂತು, ಹುಡುಗಿಯ ಅಪ್ಪ ಗೆದ್ದರೆ ನೂರೆಂಟು ವಡೆಯ ಮಾಲೆ ಹಾಕಿಸುತ್ತೇನೆ ಎಂದು ಹರಕೆ ಹೊತ್ತು ಬಂದರು.

ಹರಕೆಯ ಸುದ್ದಿ ಕೇಳಿದರೆ ಖುಷಿಪಡುತ್ತಾಳೆ ಅಂತ ಅವಳಿಗೆ ಹೇಳಿದವಳು ನಾನೇ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದಳು. ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ನನ್ನ ಮಗಳು “ಅಮ್ಮಾ, ಶಿ ಈಸ್ ಕ್ರೈಯಿಂಗ್” ಎಂದಾಗಲೇ ನಾನು ಸರಿಯಾಗಿ ನೋಡಿದ್ದು.

ಆಮೇಲೆ ನಿಧಾನವಾಗಿ ಹೇಳಿದಳು. ಅವಳಿಗೆ ತಾಯಿಯಿಲ್ಲ. ಹೆರಿಗೆಗೆ ಅಪ್ಪ ಬರಬೇಕೆಂದು ಆಸೆ. ಅಪ್ಪನೂ ಮಾತು ಕೊಟ್ಟಿದ್ದ: ಸೋತರೆ ಮೊದಲ ವಿಮಾನಕ್ಕೇ ಹೊರಟು ಬರುತ್ತೇನೆ, ಗೆದ್ದರೆ ಮಾತ್ರ ಆಗುವುದಿಲ್ಲ. ಊರಿನವರೆಲ್ಲ ಅವನು ಗೆಲ್ಲಲಿ ಎಂದು ಪ್ರಾರ್ಥನೆ ಮಾಡುತ್ತಿದ್ದರು. ಇವಳೊಬ್ಬಳು ಯಾರಿಗೂ ಹೇಳದೆ ಸೋಲಲಿ ಎಂದು ಬೇಡಿಕೊಳ್ಳುತ್ತಿದ್ದಳು. ಹೆತ್ತಪ್ಪನ ಸೋಲನ್ನು ಬಯಸುವ ನಾನೆಂಥ ಮಗಳು ಎಂದು ಅತ್ತಳು.

ಅಲ್ಲೇ ಕೂತಿದ್ದ ಮಾವನ ಮುಖ ಬಿಳಿಚಿಕೊಂಡಿತು. ಅದಕ್ಕೆ ಕಾರಣವಿತ್ತು. ನನ್ನ ಗಂಡ ಹುಟ್ಟಿದ ದಿನ ಇವರು ಮಳವಳ್ಳಿಯ ಆಚೆ ಯಾವುದೋ ಬೂತಿನಲ್ಲಿದ್ದರು. ಸುದ್ದಿ ಬಂದರೂ ಮತಪೆಟ್ಟಿಗೆ ಒಪ್ಪಿಸದೆ ಬರುವ ಹಾಗಿರಲಿಲ್ಲ. ಮಗನ ಮುಖ ನೋಡಿದ್ದು ಮೂರು ದಿನಕ್ಕೆ. “ಪೆಟ್ಟಿಗೆಗೆ ಹೆರಿಗೆ ನೋವು ಬಂದಿದ್ರೆ ಇವ್ರು ಓಡ್ಬರ್ತಿದ್ರು” ಎಂದು ಅತ್ತೆ ಸಾಯುವ ತನಕ ಚುಚ್ಚಿದರು. ನಾವೆಲ್ಲ ನಗುತ್ತಿದ್ದೆವು. ಮಾವ ಒಂದು ಸಲವೂ ನಕ್ಕದ್ದು ನನಗೆ ನೆನಪಿಲ್ಲ.

“ಹೊತ್ತ ಹರಕೆ ವಾಪಸ್ ತಗೋಬೋದೇನಮ್ಮ?” ಎಂದು ನನ್ನನ್ನು ಕೇಳಿದರು.

“ನಿಮ್ಗೇ ಗೊತ್ತಲ್ಲ ಮಾವ, ನಾಮಪತ್ರ ವಾಪಸಿಗೆ ಕೊನೇ ದಿನ ಮುಗ್ದೋಯ್ತು.”

ಹಾಗೆನ್ನಬಾರದಿತ್ತು. ನನ್ನ ನಾಲಿಗೆಗೆ ಹೊತ್ತು ಗೊತ್ತು ಇಲ್ಲ. ಮರುದಿನ ಬೆಳಗ್ಗೆಯೇ ದೇವಸ್ಥಾನಕ್ಕೆ ಹೋಗಿ, ಅವನು ಗೆದ್ದರೂ ಸರಿ, ಸೋತರೂ ಸರಿ, ಹುಡುಗಿ ಒಂಟಿಯಾಗದಿರಲಿ ಎಂದು ತಿದ್ದುಪಡಿ ಸಲ್ಲಿಸಿ ಬಂದರು.

ಅಪ್ಪ ಗೆದ್ದ. ಕೆಲವೇ ಓಟಿನಲ್ಲಿ, ಎರಡನೆಯ ಸೀಟಿಗೆ. ಕೆಲಸದ ಮಧ್ಯೆ ಅವಳ ಫೋನಿಗೆ ಸುದ್ದಿ ಬಂತು. ಎಲ್ಲರಿಂದಲೂ ನಗುನಗುತ್ತಾ ಅಭಿನಂದನೆ ತೆಗೆದುಕೊಂಡಳು, ಆಮೇಲೆ ಹಾಸಿಗೆ ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತು ಹನುಮಂತನನ್ನೂ ಮಾವನನ್ನೂ ಸಮಸಮವಾಗಿ ಬೈದುಕೊಂಡೆ. ಅಲ್ಲಿ ಹವಾಮಾನ ಕೆಟ್ಟು ಹಡಗುಗಳು ತಡವಾದವು. ಪ್ರಧಾನಿ ಯಾರೆಂದು ತಿಳಿಯಲು ಇಡೀ ದೇಶ ಹಡಗಿನ ದಾರಿ ಕಾಯುತ್ತಿತ್ತು. ಅವಳ ಅಪ್ಪ ಕೊನೆಗೂ ಹಡಗು ಹತ್ತಿದ ಮೇಲೆ ಫೋನೂ ಸಿಗಲಿಲ್ಲ.

ಆ ಶನಿವಾರ ಮಾವ ಬೆಳಗ್ಗೆ ಸ್ನಾನ ಮಾಡಿ, ಪಂಚೆಯುಟ್ಟು, ಉದ್ದಿನ ಹಿಟ್ಟಿಗೆ ಮೆಣಸು ಕುಟ್ಟಿ ಹಾಕಿ ವಡೆ ಕರಿಯಲು ನಿಂತಿದ್ದರು. ನನ್ನನ್ನು ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ. ಹರಕೆ ಹೊತ್ತವರೇ ತೀರಿಸಬೇಕಂತೆ. ಎಣಿಸಿ ಎಣಿಸಿ ನಲವತ್ತೊಂದಕ್ಕೆ ಬಂದಿದ್ದರು, ಅವಳ ಫೋನು ಬಂತು. ನೋವು ಶುರುವಾಗಿದೆ, ಗಂಡ ಈಗಷ್ಟೇ ಹೊರಟಿದ್ದಾನೆ ಎಂದಳು.

“ಮಾವ, ನೀವು ಮುಗ್ಸಿ. ನಾನು ಕರ್ಕೊಂಡ್ ಹೋಗ್ತೀನಿ” ಎಂದೆ.

ಅವರು ಒಲೆ ಆರಿಸಿ, ಕೈ ಒರೆಸಿಕೊಂಡು, ಆಗಲೇ ಚಪ್ಪಲಿ ಹುಡುಕುತ್ತಿದ್ದರು. “ಹನುಮಂತ ಕಾಯ್ತಾನೆ ಕಣಮ್ಮ, ಮಗು ಕಾಯಲ್ಲ. ನಡಿ.”

ಎಣ್ಣೆ ವಾಸನೆಯ ಪಂಚೆಯಲ್ಲೇ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತರು. ನಾನು ಒಳಗೆ ಅವಳ ಕೈ ಹಿಡಿದುಕೊಂಡಿದ್ದೆ. ಮಧ್ಯಾಹ್ನವಾಗುವ ಮೊದಲೇ ಹೆಣ್ಣುಮಗು ಹುಟ್ಟಿತು. ಗಂಡ ಇನ್ನೂ ದಾರಿಯಲ್ಲಿದ್ದ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವಳು ಕೇಳಿದ ಮೊದಲ ಮಾತು, “ಅಂಕಲ್ ಇದ್ದಾರಾ? ಕರೀರಿ.” ಮಾವ ಬಂದು, ಎರಡೆರಡು ಸಲ ಕೈ ತೊಳೆದು, ಮಗುವನ್ನು ಎತ್ತಿಕೊಂಡರು. ನನಗೆ ಅಳು ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ.

ಎರಡು ದಿನದ ನಂತರ ಹಡಗು ದಡ ಸೇರಿತು. ಅಪ್ಪ ವಿಡಿಯೋ ಕರೆ ಮಾಡಿ ಮೊಮ್ಮಗಳನ್ನು ಕಣ್ತುಂಬ ನೋಡಿದ. ಆಮೇಲೆ ಆ ಮೇಷ್ಟರನ್ನು ತೋರಿಸು ಎಂದ. ನಾನಿರಬೇಕಾದ ಜಾಗದಲ್ಲಿ ನೀವಿದ್ದಿರಿ ಎಂದು ಮತ್ತೆ ಮತ್ತೆ ಹೇಳಿದ. ಮಾವ ಮೇಷ್ಟರ ಇಂಗ್ಲಿಷಿನಲ್ಲೇ ಗದರಿದರು: ಸುಮ್ಮನೆ ಹೋಗಿ ಸರ್ಕಾರ ಮಾಡಿ, ಮಗುವನ್ನು ನಾವು ನೋಡಿಕೊಳ್ಳುತ್ತೇವೆ.

ಮುಂದಿನ ಶನಿವಾರ ಮತ್ತೆ ಒಲೆಯ ಮುಂದೆ ನಿಂತರು. ಹರಕೆ ನೂರೆಂಟರದು, ಕರಿದದ್ದು ನೂರೊಂಬತ್ತು. ದೇವಸ್ಥಾನಕ್ಕೆ ಹೊರಡುವ ಮೊದಲು ಹೆಚ್ಚಿನ ಆ ಒಂದು ವಡೆಯನ್ನು ಅತ್ತೆಯ ಫೋಟೋದ ಮುಂದಿಟ್ಟರು. ನಾನು ಹಿಂದೆಯೇ ನಿಂತಿದ್ದೆ, ಅವರು ಗಮನಿಸಲಿಲ್ಲ.

“ಈ ಸಲ ವಡೆ ಬಿಟ್ಟು ಓಡಿದೆ ಕಣೇ” ಎಂದರು.