ಮಗಳ ಕೈಗೆ ಕೊಡದ ಕೋವಿ

ನಮ್ಮ ಮನೆತನದಲ್ಲಿ ಹೆದರುವ ಕೆಲಸಕ್ಕೆಂದೇ ಒಬ್ಬನನ್ನು ನೇಮಿಸಿದ್ದರೆ ಅದು ನಾನೇ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ರಾಮನಗರದ ಗಡಿಯಿಂದ ವಾಪಸ್ ಹೋಗಿ ನೋಡಿಬಂದವನು. ಇಂಥವನು ಆಯುಧಪೂಜೆಯ ದಿನ ದೊಡ್ಡಪ್ಪನ ಎದುರು ನಿಂತು ಬೇಡ ಎಂದನೆಂದರೆ, ಅವತ್ತು ಊರಿಗೆ ಬರದ ನನ್ನ ಹೆಂಡತಿ ಇವತ್ತಿಗೂ ಪೂರ್ತಿ ನಂಬಿಲ್ಲ.

ದೊಡ್ಡಪ್ಪನದು ದೊಡ್ಡಆಲಹಳ್ಳಿಯ ಆಚೆ, ಕಾಡಂಚಿನ ಹೊಲ. ಆನೆ, ಹಂದಿಗಳ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸಿನ ಹಳೇ ಕೋವಿ ಇದೆ. ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು. ಆಯುಧಪೂಜೆಗೆ ಟ್ರ್ಯಾಕ್ಟರು, ಕುಡುಗೋಲುಗಳ ಜೊತೆ ಅದಕ್ಕೂ ಅರಿಸಿನ ಕುಂಕುಮ. ಪೂಜೆ ಮುಗಿದ ಮೇಲೆ, ಆ ವರ್ಷ ಹೈಸ್ಕೂಲು ಸೇರಿದ ಮನೆಯ ಮಗುವಿನ ಕೈಗೆ ಕೋವಿ ಕೊಟ್ಟು, ಗುಂಡಿಲ್ಲದೆ ಬರೀ ಮದ್ದು ತುಂಬಿ ಹೊಲದ ಕಡೆ ಒಂದು ಈಡು ಹೊಡೆಸುವುದು ನಮ್ಮಲ್ಲಿ ಪದ್ಧತಿ. ನಾನೂ ಹೊಡೆದಿದ್ದೆ. ಸದ್ದಿಗೇ ಬದುವಿನಾಚೆ ಬಿದ್ದಿದ್ದೆ.

ಈ ಸಲ ಸರದಿ ನನ್ನ ಮಗಳದು. ಅವಳು ವಾರದಿಂದ ಕುಣಿಯುತ್ತಿದ್ದಳು. ನಾನು ವಾರದಿಂದ ನಿದ್ದೆಗೆಟ್ಟಿದ್ದೆ.

ಪೂಜೆಗೆ ಮೊದಲು, ಮದ್ದು ಜಡಿಯುವ ಕಬ್ಬಿಣದ ಕಡ್ಡಿಯನ್ನು ನಳಿಗೆಗೆ ಇಳಿಸಿ ನೋಡಿದೆ. ಹಳೇ ಮದ್ದು ಒಳಗೇ ಉಳಿದಿದ್ದರೆ ಕಡ್ಡಿ ತಳ ಮುಟ್ಟುವುದಿಲ್ಲ. ಚುನಾವಣೆಗೆಂದು ಒಪ್ಪಿಸಿದ್ದ ಕೋವಿ ಮೊನ್ನೆ ತಾನೇ ಪೊಲೀಸ್ ಠಾಣೆಯಿಂದ ಬಂದಿದೆ, ಒಳಗೇನಿರುತ್ತದೆ ಎಂದು ದೊಡ್ಡಪ್ಪನ ಮಕ್ಕಳು ನಕ್ಕರು. ಕಡ್ಡಿ ತಳದವರೆಗೂ ಇಳಿಯಿತು. ಖಾಲಿ. ಇನ್ನೂ ಜೋರಾಗಿ ನಕ್ಕರು.

ಆದರೂ, ಪೂಜೆ ಮುಗಿದು ಕೋವಿ ಮಗಳ ಕೈಗೆ ಕೊಡುವ ಹೊತ್ತಿಗೆ, ಬೇಡ ಎಂದೆ.

ಶುರುವಾಯಿತು ನೋಡಿ. ಕಾಡಂಚಿನವರಿಗೆ ಕೋವಿ ಹಕ್ಕು, ರಾಮನಗರದಲ್ಲಿ ಫ್ಯಾನಿನ ಕೆಳಗೆ ಕೂತವನಿಗೆ ಏನು ಗೊತ್ತು, ಎಲೆಕ್ಷನ್ ಬಂದಾಗಲೆಲ್ಲ ಕೋವಿ ಕಿತ್ತುಕೊಳ್ಳುವವರ ಕಡೆಯವನಾ ನೀನು ಅಂತ. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಆನೆ ನುಗ್ಗಿಹೋದ ರಾಗಿ ಹೊಲವನ್ನು ನಾನೂ ನೋಡಿದ್ದೇನೆ.

"ಏನ್ಲಾ, ನೀನು ಹೆದ್ರುಪುಕ್ಲ ಅಂತ ಮಗೀನೂ ಹಂಗೇ ಸಾಕೀಯಾ?" ಎಂದರು ದೊಡ್ಡಪ್ಪ.

ಪಂಚೆಯ ಗಂಟು ಬಿಗಿ ಮಾಡಿಕೊಂಡೆ.

"ಹೆದ್ರುಪುಕ್ಲನೇ ಕಣ್ ದೊಡ್ಡಪ್ಪ. ಲೈಸೆನ್ಸ್ ನಿಮ್ಮೆಸ್ರಲ್ಲೈತೆ. ನಿಮ್ ಕೋವಿ ನೀವ್ ಹೊಡೀರಿ, ನಾನ್ ಬ್ಯಾಡ ಅನ್ನಾಕಿಲ್ಲ. ನನ್ ಮಗಳ ಕೈಗೆ ಮಾತ್ರ ಕೊಡಾಕೆ ಬುಡಾಕಿಲ್ಲ."

ದೊಡ್ಡಪ್ಪ ಕೋವಿಯನ್ನು ಕುಂಕುಮದ ಸಮೇತ ಗೋಡೆಗೆ ತೂಗುಹಾಕಿದರು. ಈ ಸಲ ಈಡು ಹೊಡೆಯಲೇ ಇಲ್ಲ. ಊಟಕ್ಕೆ ಕೂತಾಗ ದೊಡ್ಡಮ್ಮ ನನ್ನ ಎಲೆ ದಾಟಿ ಪಕ್ಕದವನಿಗೆ ಒಬ್ಬಟ್ಟು ಬಡಿಸಿದರು. ನಾನೇ ಕೇಳಿ ಎರಡು ಹಾಕಿಸಿಕೊಂಡೆ. ಹೇಗೂ ಕೆಟ್ಟವನಾಗಿದ್ದೆನಲ್ಲ.

ವಾಪಸ್ ಬರುವಾಗ ಸ್ಕೂಟರಿನ ಹಿಂದೆ ಕೂತ ಮಗಳು ಕನಕಪುರ ದಾಟಿದರೂ ನನ್ನ ಸೊಂಟ ಹಿಡಿದುಕೊಳ್ಳಲಿಲ್ಲ. ಅದೊಂದು ಹೊಸ ಭಯ. ಆಮೇಲೆ ಅಂದಳು, "ಅಪ್ಪ, ದೊಡ್ಡೋಳಾದ್ಮೇಲೆ ನನ್ ಹೆಸ್ರಿಗೇ ಲೈಸೆನ್ಸ್ ಮಾಡಿಸ್ಕೊತೀನಿ."

"ಮಾಡಿಸ್ಕೊ," ಎಂದೆ. "ಆವತ್ತೂ ಕಡ್ಡಿ ಇಳಿಸಿ ನೋಡೋನು ನಾನೇ. ಈಗ ಗಟ್ಟಿಯಾಗಿ ಹಿಡ್ಕೊ."