ಮೇಲಿನ ಸಾಲಿನ ಬೆರಣಿ

ಕುಂಜಲತಾಳ ಮನೆಯ ಹಿಂಗೋಡೆಯ ತುಂಬ ಬೆರಣಿ. ಸೂರಿನ ಕೆಳಗಿನ ಮೇಲ್ಸಾಲನ್ನು ಮಾತ್ರ ಯಾರೂ ಒಲೆಗೆ ತರುವುದಿಲ್ಲ. ಮುಂದಿನ ವರ್ಷದ ಮುಳ್ಳುಬದನೆಯ ಬೀಜವನ್ನು ಆ ಸಗಣಿಯಲ್ಲಿ ಕಲಸಿ ತಟ್ಟಿರುತ್ತಾರೆ. ಒಡಿಶಾದ ನಯಾಗಢದ ಆ ಹಳ್ಳಿಯಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು. ಅದಕ್ಕೇ ಕಟಕ್‌ನಲ್ಲಿ ಓದಿ ಅವಳ ಸೊಸೆಯಾಗಿ ಬಂದ ಇತಿಶ್ರೀಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಇತಿಶ್ರೀಗೆ ಎಲ್ಲದಕ್ಕೂ ಹೆದರಿಕೆ. ಮಗಳು ಟಿಕಿ ಹುಟ್ಟಿದ ಮೇಲಂತೂ ಬಾವಿಯ ನೀರು, ಬೆಕ್ಕಿನ ಕೂದಲು, ಅತ್ತೆಯ ಒಡಕು ಬಳೆ, ಒಂದೊಂದೂ ಭಯವೇ. ಟಿಕಿ ಅಂಬೆಗಾಲಿಡತೊಡಗಿದಾಗ ಬಾವಿಕಟ್ಟೆಯ ಬಳಿಯ ಹಳೆಯ ಮುಳ್ಳುಬದನೆ ಗಿಡವನ್ನು ಕಡಿಸಿಬಿಟ್ಟಳು. ಎಲೆಗೂ ಮುಳ್ಳು, ತೊಟ್ಟಿಗೂ ಮುಳ್ಳು. ಕಣ್ಣಿಗೇ ಚುಚ್ಚಿದರೆ?

"ಬೀಜ ಇದೆಯಲ್ಲ, ಹೋಗ್ಲಿ ಬಿಡು," ಎಂದಿದ್ದಳು ಕುಂಜಲತಾ.

ಹಿಂದಿನ ಚಳಿಗಾಲದಲ್ಲಿ ಊರಿನ ಹೈಬ್ರಿಡ್ ಬದನೆಯೆಲ್ಲ ಸೊರಗು ರೋಗಕ್ಕೆ ನಿಂತಲ್ಲೇ ಬಾಡಿದ್ದವು. ಇವರ ಮುಳ್ಳುಬದನೆ ಮಾತ್ರ ಜಗ್ಗಲಿಲ್ಲ. ಸುದ್ದಿ ತಿಳಿದು ಭುವನೇಶ್ವರದಿಂದ ಬದನೆಯ ಹೊಸ ತಳಿ ಮಾಡುವ ವಿಜ್ಞಾನಿಯೊಬ್ಬರು ಬಂದಿದ್ದರು. "ಈ ಗಟ್ಟಿತನಾನ ಬೇರೆ ತಳಿಗೆ ತರಬೇಕು, ಮಾವುಸಿ. ಮಳೆಗಾಲ ಮುಗಿದ ಮೇಲೆ ಬರ್ತೀನಿ, ಸ್ವಲ್ಪ ಬೀಜ ಕೊಡಿ," ಎಂದು ಕುಂಜಲತಾಳನ್ನು ಚಿಕ್ಕಮ್ಮನೆಂದೇ ಕರೆದು ಹೇಳಿ ಹೋಗಿದ್ದರು.

ಮಳೆ ಹಿಡಿಯಿತು. ಟಿಕಿಗೆ ಭೇದಿ. ಗ್ಯಾಸ್ ಮುಗಿದಿತ್ತು, ಕೆಳಗಿನ ಬೆರಣಿಗಳು ನೆನೆದು ಮೆತ್ತಗಾಗಿದ್ದವು. ನೀರು ಕುದಿಸದೆ ಮಗುವಿಗೆ ಕೊಡುವುದು ಹೇಗೆ? ಇತಿಶ್ರೀ ಸ್ಟೂಲು ಹತ್ತಿ ಮೇಲಿನ ಒಣ ಸಾಲನ್ನೆಲ್ಲ ಕಿತ್ತು ತಂದು ಒಲೆಗೆ ತುಂಬಿದಳು.

ಒಲೆಯಲ್ಲಿ ಚಟಪಟ ಸದ್ದು. ಅಂಗಳದಿಂದ ಕುಂಜಲತಾ ಸೊಸೆಯನ್ನು ಕೂಗಿದಳು, "ಬೋಹು, ಒಗ್ಗರಣೆಗೆ ಏನ್ ಹಾಕ್ದೆ?"

"ಒಗ್ಗರಣೆ ಇಲ್ಲ ಮಾ, ನೀರು ಕಾಯಿಸ್ತಿದ್ದೀನಿ."

ಕುಂಜಲತಾ ಒಳಗೆ ಬಂದು ಒಲೆ ನೋಡಿದಳು, ತಲೆಯೆತ್ತಿ ಗೋಡೆ ನೋಡಿದಳು. ಬೈಯಲಿಲ್ಲ. "ನಮ್ಮತ್ತೆ ಕೈಯಿಂದ ಬಂದ ಬೀಜ ಅದ್ರಲ್ಲಿತ್ತು," ಎಂದಷ್ಟೇ ಹೇಳಿ ಹೊಸಿಲ ಮೇಲೆ ಕುಳಿತಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಇತಿಶ್ರೀಗೆ.

ಟಿಕಿ ಚೇತರಿಸಿಕೊಂಡಿತು. ಇತಿಶ್ರೀ ಪಕ್ಕದ ಮನೆಯ ಮಾಲ್ತಿ ಮಾವುಸಿಯ ಬಾಗಿಲಿಗೆ ಬೀಜ ಕೇಳಲು ಹೋದಳು. ಕುಂಜಲತಾ ಹಿಂದೊಮ್ಮೆ ಅವಳಿಗೂ ಬೀಜ ಕೊಟ್ಟಿದ್ದಳು.

ಮಾಲ್ತಿ ನಕ್ಕಳು. "ನಿಮ್ಮತ್ತೆ ಕೊಟ್ಟ ಬದನೆ ನಮ್ಮ ಹೈಬ್ರಿಡ್ ಪಕ್ಕ ಬೆಳೆದು ಜಾತಿ ಕೆಡಿಸ್ಕೊಂಡಿದೆ ಕಣೇ. ಮುಳ್ಳೂ ಹೋಯ್ತು, ರುಚೀನೂ ಹೋಯ್ತು. ರೋಗಕ್ಕೆ ಎಲ್ಲರಿಗಿಂತ ಮೊದಲು ಬಿದ್ದಿದ್ದು ಅದೇ. ಒಲೆಗೆ ಬೆರಣಿ ಬೇಕಾದ್ರೆ ಹೇಳು, ಕೊಡ್ತೀನಿ!"

ಕಣ್ಣೀರು ನುಂಗಿಕೊಂಡು ಬಂದವಳಿಗೆ ಬಾವಿಕಟ್ಟೆಯಲ್ಲಿ ಕಂಡಿದ್ದು ಕಡಿದ ಆ ಮೋಟು. ಬುಡದಲ್ಲಿ ನೇರಳೆ ಬಣ್ಣದ ಒಂದು ಚಿಗುರು, ಅದಕ್ಕಾಗಲೇ ಮುಳ್ಳು.

ಅಂದಿನಿಂದ ಅವಳಿಗೆ ಎರಡು ಕೂಸು. ಚಿಗುರಿಗೆ ಬೂದಿ ಹಾಕಿದಳು, ಆಡು ಬಾಯಿ ಹಾಕದಂತೆ ಬೇಲಿ ಕಟ್ಟಿದಳು. ಹೂವೆಲ್ಲ ಉದುರಿ ಒಂದೇ ಒಂದು ಕಾಯಿ ನಿಂತಿತು. ಹುಳು ಕೊರೆದೀತೆಂದು ಅದಕ್ಕೆ ಟಿಕಿಯ ಹಳೆಯ ಮಲ್ಮಲ್ ಅಂಗಿ ಕಟ್ಟಿದಳು. ದಿನವೂ ಬಿಚ್ಚಿ ನೋಡುವಳು. ನೋಡಿದ್ದರಿಂದಲೇ ಹುಳು ಹೊಕ್ಕೀತೇ ಎಂದು ಮತ್ತೆ ಚಿಂತೆ.

ಕಾಯಿ ಹಳದಿಗೆ ತಿರುಗತೊಡಗಿದಾಗ ಬೀಜ ಕೇಳಿ ವಿಜ್ಞಾನಿಯ ಫೋನು ಬಂತು. ಅವಳು ಮಾತಿನಲ್ಲಿದ್ದಾಗಲೇ ಹೊರಗೆ ಟಿಕಿ ಕಿರುಚಿತು. ಬೇಲಿ ನುಸುಳಿ ತನ್ನ ಅಂಗಿಯ ಗಂಟನ್ನು ಎಳೆಯಲು ಹೋಗಿತ್ತು. ಅಂಗೈಯಲ್ಲಿ ಮುಳ್ಳು, ರಕ್ತ.

ಕುಂಜಲತಾ ಒಳಗಿನಿಂದ ಕುಡುಗೋಲು ತಂದಳು. "ಕಡಿದ್ಬಿಡ್ತೀನಿ, ಬೋಹು. ಮಗುಗಿಂತ ಹೆಚ್ಚಾ ಇದು?"

ಇತಿಶ್ರೀ ಮಗುವನ್ನು ತೊಡೆಯ ಮೇಲೆ ಮಲಗಿಸಿ ಮುಳ್ಳು ಕಿತ್ತಳು.

"ಬೇಡ ಮಾ. ಇನ್ನೂ ಹಣ್ಣಾಗಿಲ್ಲ, ಬೀಜ ಬಲಿಯಬೇಕು."

ಕಾಯಿ ತೊಟ್ಟಿಗೆ ಅಂಟಿಕೊಂಡೇ ಇತ್ತು. ಅವಳು ಮಗುವನ್ನು ಎದೆಗವುಚಿಕೊಂಡೇ ಬೇಲಿಗೆ ಇನ್ನೊಂದು ಕಡ್ಡಿ ಸಿಕ್ಕಿಸಿದಳು.